ಕಿಟಕಿ ಕೆಳಗೆ ನಿಂತವನು

ರಿಚ್ಮಂಡ್ ಅಂದ ತಕ್ಷಣ ನನಗೆ ನೆನಪಾಗ್ತಿದ್ದದ್ದು ನಮ್ಮ ಬೆಂಗಳೂರಿನ ಸರ್ಕಲ್ಲು, ಅಲ್ಲಿನ ಫ್ಲೈಓವರು. ಆನ್‌ಸೈಟ್ ಅಂತ ಅಮೆರಿಕದ ವರ್ಜೀನಿಯಾದಲ್ಲಿರೋ ರಿಚ್ಮಂಡಿಗೆ ಹೋಗಿಬಂದ ಮೇಲೆ ಹಾಗಿಲ್ಲ.

ಒಂದು ಭಾನುವಾರ ಅಲ್ಲಿನ ಬ್ರಾಡ್ ಸ್ಟ್ರೀಟಿನಲ್ಲಿ ಸುಮ್ಮನೆ ಅಡ್ಡಾಡುವಾಗ ಎಂಟು ಮೂಲೆಯ ಹಳೇ ಕಟ್ಟಡವೊಂದು ಕಂಡಿತು. ಮಾನ್ಯುಮೆಂಟಲ್ ಚರ್ಚ್. ಮುಂದಿನ ಮಂಟಪದಲ್ಲಿ ಒಂದು ಸ್ಮಾರಕ, ಅದರ ಮೇಲೆ ಸಾಲುಸಾಲು ಹೆಸರು. ಸತ್ತವರನ್ನು ಮಣ್ಣು ಮಾಡಿರೋದೂ ಅದೇ ಜಾಗದಲ್ಲಿ.

1811ರ ಡಿಸೆಂಬರ್ 26. ಅಲ್ಲೊಂದು ನಾಟಕಶಾಲೆ, ಒಳಗೆ ಸುಮಾರು 600 ಜನ. ಮುಖ್ಯ ನಾಟಕ ಮುಗಿದು ಇನ್ನೊಂದು ಪ್ರದರ್ಶನ ನಡೀತಿತ್ತು. ಉರಿಯುತ್ತಿದ್ದ ತೂಗುದೀಪವನ್ನು ಆರಿಸದೇ ಮೇಲಕ್ಕೆಳೆದರು. ಬಣ್ಣದ ಪರದೆಗೆ ಬೆಂಕಿ ಹತ್ತಿತು. ಬಾಕ್ಸ್‌ಗಳಲ್ಲಿ ಕೂತಿದ್ದ ಅನುಕೂಲಸ್ಥರು ಇಳಿಯೋದಕ್ಕೆ ಇದ್ದದ್ದು ಇಕ್ಕಟ್ಟಾದ ಮೆಟ್ಟಿಲು. 72 ಜನ ಹೋದರು. ಗವರ್ನರ್ ಜಾರ್ಜ್ ವಿಲಿಯಂ ಸ್ಮಿತ್ ಕೂಡ. ಕರಿಯರು, ಬಡವರು ಕೂರುವ ಗ್ಯಾಲರಿಗೆ ಬೇರೆಯೇ ಮೆಟ್ಟಿಲಿತ್ತು. ಮೇಲಿನವರ ಜೊತೆ ಬೆರೆಯಬಾರದು ಅಂತ ಮಾಡಿದ್ದ ಆ ವ್ಯವಸ್ಥೆಯೇ ಅವರಲ್ಲಿ ಬಹುಪಾಲು ಜನರನ್ನು ಉಳಿಸಿತು.

ಆ ರಾತ್ರಿ ಗಿಲ್ಬರ್ಟ್ ಹಂಟ್ ಎಂಬ ಕಮ್ಮಾರ ಓಡಿ ಬಂದ. ಗುಲಾಮ. ಹೆಂಡತಿಯ ಯಜಮಾನಿ, ನನ್ನ ಮಗಳನ್ನು ಹೇಗಾದರೂ ಉಳಿಸು ಅಂತ ಕಳಿಸಿದ್ದಳು. ಆ ಹುಡುಗಿ ಸಿಗಲಿಲ್ಲ. ಮೇಲಿನ ಕಿಟಕಿಯಿಂದ ಡಾಕ್ಟರ್ ಜೇಮ್ಸ್ ಮೆಕಾ ಹೆಂಗಸರನ್ನು ಒಬ್ಬೊಬ್ಬರಾಗಿ ಇಳಿಬಿಟ್ಟ, ಕೆಳಗೆ ನಿಂತ ಹಂಟ್ ಹಿಡಿದ. ಹತ್ತು ಹನ್ನೆರಡು ಜೀವ ಉಳಿದವು. ಕೊನೆಗೆ ಡಾಕ್ಟರೇ ಹಾರಿ, ಪೆಟ್ಟಾಗಿ ಬಿದ್ದಾಗ ಅವರನ್ನೂ ಬೆಂಕಿಯಿಂದ ದೂರಕ್ಕೆ ಎಳೆದ.

ಊರು ಹೊಗಳಿತು. ಬಿಡುಗಡೆ ಮಾತ್ರ ಕೊಡಲಿಲ್ಲ. 18 ವರ್ಷ ಕಳೆದು, 1829ರಲ್ಲಿ, 800 ಡಾಲರ್ ಕಟ್ಟಿ ಹಂಟ್ ತನ್ನನ್ನು ತಾನೇ ಕೊಂಡುಕೊಂಡ. ಅಷ್ಟು ಜನರನ್ನು ಹಿಡಿದ ಕೈಗಳ ರೇಟು ಅದು.

ವಾಪಸ್ ಬಂದ ತಿಂಗಳಿಗೆ ನಮ್ಮ ಆಫೀಸಲ್ಲಿ ಫೈರ್ ಡ್ರಿಲ್. ಕಾಲ್ ಮಧ್ಯದಲ್ಲೇ ಸೈರನ್ನು. ಎಲ್ಲರೂ ಗೊಣಗುತ್ತಾ, ಮೊಬೈಲ್ ನೋಡುತ್ತಾ ಒಂಬತ್ತು ಮಹಡಿ ಇಳಿದೆವು. ನಾನೂ ಗೊಣಗಿದೆ, ಸುಳ್ಳು ಯಾಕೆ ಹೇಳಲಿ. ಮೆಟ್ಟಿಲಿನ ಬಾಗಿಲು ಹಿಡಿದು ನಿಂತಿದ್ದವರು ನಮ್ಮ ಸೆಕ್ಯುರಿಟಿ ಅಣ್ಣ. ಎಲ್ಲರೂ ಇಳಿಯೋವರೆಗೂ ಅವರು ಇಳಿಯೋ ಹಾಗಿಲ್ಲವಂತೆ.

ಮೂರು ವರ್ಷದಿಂದ ದಿನಾ ನಮಸ್ಕಾರ ಹೇಳುವ ಅವರ ಹೆಸರನ್ನು ನಾನು ಕೇಳಿದ್ದು ಅವತ್ತೇ.