ಅಸಲು ಮತ್ತು ಬಡ್ಡಿ

ಅಸಲಿಗಿಂತ ಬಡ್ಡಿಯ ಮೇಲೆ ಆಸೆ ಹೆಚ್ಚು ಎಂದು ನಮ್ಮಲ್ಲಿ ಒಂದು ಮಾತುಂಟು. ಅದು ಹುಟ್ಟಿದ್ದು ಸಾಹುಕಾರನ ಜಗಲಿಯ ಮೇಲಾದರೂ ಬೆಳೆದದ್ದು ಅಜ್ಜ ಅಜ್ಜಿಯರ ಮಡಿಲಿನಲ್ಲಿ. ಮಗನ ಕಿವಿ ಹಿಂಡಿ ಮಗ್ಗಿ ಹೇಳಿಸಿದ ಕೈಯೇ, ಸೊಸೆಯ ಕಣ್ಣು ತಪ್ಪಿಸಿ ಮೊಮ್ಮಗನಿಗೆ ಬೆಲ್ಲದ ಚೂರು ಕೊಡುವುದನ್ನು ಯಾರು ಕಂಡಿಲ್ಲ? ಆದರೆ ಈ ಮಾತಿನಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಅರ್ಥವೂ ಅಡಗಿದೆ. ಬಡ್ಡಿ ತಾನೇ ತಾನಾಗಿ ಬರುವುದಿಲ್ಲ. ಅಸಲಿನ ಮೂಲಕವೇ ಬರಬೇಕು. ಅಸಲು ಮುಳುಗಿದರೆ ಬಡ್ಡಿಯೂ ಮುಳುಗಿದಂತೆಯೇ. ಮಗ-ಸೊಸೆಯರ ಅಥವಾ ಮಗಳು-ಅಳಿಯಂದಿರ ಸಂಸಾರ ಒಡೆದುಹೋದಾಗ, ಮೊಮ್ಮಕ್ಕಳ ಮುಖ ಕಾಣುವ ದಾರಿಯೂ ಮುಚ್ಚಿಹೋದ ಹಿರಿಯರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಒಡೆದ ಸಂಸಾರಗಳು ಹಿಂದೆ ಇರಲಿಲ್ಲವೆಂದು ಭಾವಿಸಬಾರದು. ಗಂಡನ ಮನೆಯಲ್ಲಿ ಬಾಳಲಾರದೆ, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ತವರಿಗೆ ಹಿಂದಿರುಗಿದ ಹೆಣ್ಣುಮಕ್ಕಳು ಹಿಂದೆಯೂ ಇದ್ದರು. ಆದರೆ ಆಗ ಎಲ್ಲವೂ ಮೌನದಲ್ಲಿ ನಡೆದುಹೋಗುತ್ತಿತ್ತು. ಸುತ್ತಲ ಹಳ್ಳಿಗಳಿಗೆಲ್ಲ ಸಂತೆ ಒಂದೇ, ಜಾತ್ರೆ ಒಂದೇ ಆದುದರಿಂದ ಅಜ್ಜನಾದವನು ತೇರಿನ ದಿನವಾದರೂ ಮೊಮ್ಮಗನ ಕೈಗೆ ಒಂದು ಹಿಡಿ ಬತ್ತಾಸು ಹಾಕಿ ಬರುತ್ತಿದ್ದ. 1955ರ ಹಿಂದೂ ವಿವಾಹ ಕಾಯಿದೆ ವಿಚ್ಛೇದನಕ್ಕೆ ನ್ಯಾಯಾಲಯದ ದಾರಿಯನ್ನು ತೆರೆಯಿತು. 1984ರ ಇನ್ನೊಂದು ಕಾಯಿದೆ ಇಂಥ ವ್ಯಾಜ್ಯಗಳಿಗೆಂದೇ ಕೌಟುಂಬಿಕ ನ್ಯಾಯಾಲಯಗಳನ್ನು ಸ್ಥಾಪಿಸಲು ಎಡೆಮಾಡಿತು. ಇದರಿಂದ ಎಷ್ಟೋ ಹೆಣ್ಣುಮಕ್ಕಳಿಗೆ ನೆಮ್ಮದಿ ದೊರೆಯಿತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಮಗು ಯಾರ ಬಳಿ ಇರಬೇಕು, ಅದರ ಖರ್ಚನ್ನು ಯಾರು ಕೊಡಬೇಕು, ತಂದೆತಾಯಿಗಳಲ್ಲಿ ದೂರವಾದವರು ಅದನ್ನು ಎಂದು ಕಾಣಬೇಕು ಎಂಬುದನ್ನೆಲ್ಲ ಅಲ್ಲಿ ವಿಚಾರಿಸಿ ಬರೆದಿಡುತ್ತಾರೆ. ಆ ಬರಹದಲ್ಲಿ ಅಜ್ಜ ಅಜ್ಜಿಯರ ಹೆಸರು ಬರುವುದು ಅಪರೂಪ.

ನಮ್ಮ ಬೀದಿಯಲ್ಲಿ ಒಬ್ಬ ಮೇಷ್ಟ್ರಿದ್ದಾರೆ. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ಒಬ್ಬನೇ ಮಗ ಮತ್ತು ಸೊಸೆ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದರು. ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಮೊಮ್ಮಗಳು ನಾಲ್ಕು ವರ್ಷದವಳಾಗುವವರೆಗೆ ಮೈಸೂರಿನ ಮನೆಯಲ್ಲಿಯೇ ಬೆಳೆದಳು. ಆ ನಾಲ್ಕು ವರ್ಷ ಮೇಷ್ಟ್ರ ಕನ್ನಡಕ ಇಟ್ಟ ಕಡೆ ಇದ್ದದ್ದನ್ನು ನಾನು ಕಾಣೆ. ಅನಂತರ ಮಗು ಶಾಲೆಗೆಂದು ಬೆಂಗಳೂರಿಗೆ ಹೋಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಗಂಡಹೆಂಡಿರು ಬೇರೆಯಾದರು. ಕಾರಣಗಳನ್ನು ನಾನು ಕೇಳಲಿಲ್ಲ; ಅವರೂ ಹೇಳಲಿಲ್ಲ. ಮಗು ತಾಯಿಯ ಬಳಿ ಉಳಿಯಿತು. ತಂದೆ ತಿಂಗಳಿಗೆ ಎರಡು ಶನಿವಾರ ನ್ಯಾಯಾಲಯದ ಆವರಣದಲ್ಲಿರುವ ಮಕ್ಕಳ ಕೊಠಡಿಯಲ್ಲಿ ಒಂದು ಗಂಟೆಯ ಕಾಲ ಮಗಳನ್ನು ಕಾಣಬಹುದೆಂದು ಆದೇಶವಾಯಿತು.

ಮೊದಲ ವರ್ಷ ಮಗನೊಡನೆ ವೃದ್ಧ ದಂಪತಿಗಳೂ ಹೋಗಿಬರುತ್ತಿದ್ದರು. ಬೆಳಗಿನ ರೈಲು ಹಿಡಿಯುವುದಕ್ಕಾಗಿ ಮೇಷ್ಟ್ರ ಹೆಂಡತಿ ಮೂರು ಗಂಟೆಗೇ ಎದ್ದು ಕೊಬ್ಬರಿ ಮಿಠಾಯಿಯನ್ನೋ ಕೋಡುಬಳೆಯನ್ನೋ ಡಬ್ಬಿಗೆ ತುಂಬುವರು. ಅಲ್ಲಿ ನಡೆಯುವುದಾದರೂ ಏನು? ಮೊದಲ ಅರ್ಧ ಗಂಟೆ ಮಗು ಸಂಕೋಚದಿಂದ ಮೂಲೆಯ ಆಟದ ಸಾಮಾನುಗಳನ್ನೇ ನೋಡುತ್ತಿತ್ತಂತೆ. ಇನ್ನೊಂದು ಕಾಲು ಗಂಟೆಯಲ್ಲಿ ಮಿಠಾಯಿ ತಿನ್ನುತ್ತ ಹತ್ತಿರ ಬರುವುದು. ಕೊನೆಯ ಕಾಲು ಗಂಟೆಯಲ್ಲಿ, “ತಾತಾ, ಹಿತ್ತಿಲಿನ ಬೆಕ್ಕು ಮರಿ ಹಾಕಿತೆ?” ಎಂದು ಮೊದಲಿನ ಹಾಗೆ ಮಾತಿಗೆ ತೊಡಗುವುದು. ಅಷ್ಟರಲ್ಲಿ ಹೊತ್ತು ಮುಗಿಯುವುದು.

ಒಂದು ಶನಿವಾರ ಅಜ್ಜಿ ತಡೆಯಲಾರದೆ, “ನಿಮ್ಮಮ್ಮ ನಮ್ಮ ವಿಷಯ ಏನು ಹೇಳುತ್ತಾಳೆ, ಮಗು?” ಎಂದು ಕೇಳಿಬಿಟ್ಟರು. ಮಗು ತಲೆ ತಗ್ಗಿಸಿತು. ಮುಂದಿನ ಸಲ ಅದು ಬೆಕ್ಕಿನ ವಿಚಾರ ಕೇಳಲಿಲ್ಲ. ಅಂದು ಹಿಂದಿರುಗುವಾಗ ರೈಲಿನಲ್ಲಿ ಮೇಷ್ಟ್ರು ಹೆಂಡತಿಗೆ, “ಎರಡು ಮನೆಗಳ ನಡುವೆ ಟಪಾಲು ಹೊರುವ ಕೆಲಸ ಆರು ವರ್ಷದ ಕೂಸಿಗೆ ಬೇಡ ಕಣೇ” ಎಂದರಂತೆ. ಈ ಮಾತನ್ನು ಆಕೆಯೇ ನಮ್ಮ ಮನೆಯಲ್ಲಿ ಕುಳಿತು, ಕಣ್ಣೊರೆಸಿಕೊಳ್ಳುತ್ತ ಹೇಳಿದರು.

ಮರುವರ್ಷ ಮಗ ಉದ್ಯೋಗ ದೊರೆತು ಹೊರದೇಶಕ್ಕೆ ಹೋದ. ಆಗ ತಿಳಿಯಿತು ಗಾದೆಯ ಎರಡನೆಯ ಅರ್ಥ. ಆದೇಶವಿದ್ದದ್ದು ಅವನ ಹೆಸರಿನಲ್ಲಿ. ಅವನು ಬಾರದಿದ್ದ ಮೇಲೆ ಆ ಶನಿವಾರಗಳೂ ಇಲ್ಲವಾದವು.

ಮೇಷ್ಟ್ರು ವಕೀಲರೊಬ್ಬರನ್ನು ಕಂಡರು. ನಾನೂ ಜೊತೆಯಲ್ಲಿದ್ದೆ. ಅಂದು ಕೇಳಿದ ವಿಷಯಗಳು ನನ್ನ ಕುತೂಹಲವನ್ನು ಕೆರಳಿಸಿ, ಅನಂತರವೂ ಕೆಲವನ್ನು ಹುಡುಕಿ ಓದುವಂತೆ ಮಾಡಿದವು. ಪಾಲಕರು ಮತ್ತು ಪಾಲ್ಯರನ್ನು ಕುರಿತ 1890ರ ಕಾಯಿದೆಯಂತೆ, ಮಗುವಿನ ಪಾಲಕತ್ವ ಬೇಕೆಂದು ಬಂಧುಗಳು ಯಾರು ಬೇಕಾದರೂ ಅರ್ಜಿ ಹಾಕಬಹುದು. ಹಿಂದೂ ಮಕ್ಕಳ ಮಟ್ಟಿಗೆ 1956ರ ಕಾಯಿದೆ, ಎಲ್ಲಕ್ಕಿಂತ ಮಿಗಿಲಾಗಿ ನೋಡಬೇಕಾದುದು ಮಗುವಿನ ಕ್ಷೇಮವನ್ನು ಎಂದು ಹೇಳುತ್ತದೆ. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೋವಿಡ್ ಪಿಡುಗಿನಲ್ಲಿ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಬಾಲಕನೊಬ್ಬನನ್ನು ಅವನ ತಂದೆಯ ತಂದೆತಾಯಿಗಳ ವಶಕ್ಕೆ ಒಪ್ಪಿಸಿದ್ದುಂಟು. ಆದರೆ ಮೇಷ್ಟ್ರಿಗೆ ಮಗುವನ್ನು ತಾಯಿಯಿಂದ ಬಿಡಿಸಿ ತರುವ ಇಚ್ಛೆಯಿರಲಿಲ್ಲ. ಆಗಾಗ ನೋಡಿ ಬರಬೇಕು, ಅಷ್ಟೆ. ಈ ‘ನೋಡಿ ಬರುವುದು’ ಅಜ್ಜ ಅಜ್ಜಿಯರ ಹಕ್ಕೆಂದು ನಮ್ಮ ಕಾಯಿದೆಗಳಲ್ಲಿ ಬರೆದಿಲ್ಲ. ತಂದೆತಾಯಿಗಳು ಅಗಲಿದಾಗ ಮಗು ಅಜ್ಜ ಅಜ್ಜಿಯರ ಒಡನಾಟದಿಂದ ವಂಚಿತವಾಗಬಾರದೆಂಬ ವಿಚಾರವನ್ನು ಭಾರತದ ಕಾನೂನು ಆಯೋಗವು 2015ರ ತನ್ನ 257ನೆಯ ವರದಿಯಲ್ಲಿ ಎತ್ತಿತು. ಆದರೆ ಅದು ಶಿಫಾರಸಾಗಿಯೇ ಉಳಿಯಿತು.

ಇದರಲ್ಲಿ ಒಂದು ವಿನೋದವೂ ಇದೆ. ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಯಲ್ಲಿ ‘ಮಕ್ಕಳು’ ಎಂಬ ಪದಕ್ಕೆ ಮೊಮ್ಮಕ್ಕಳೂ ಸೇರಿದ್ದಾರೆ. ಆದರೆ ಅಪ್ರಾಪ್ತ ವಯಸ್ಸಿನವರು ಸೇರಿಲ್ಲ. ಎಂದರೆ, ಮೊಮ್ಮಗಳು ದೊಡ್ಡವಳಾದ ಮೇಲೆ ‘ನನಗೆ ಅನ್ನ ಹಾಕು’ ಎಂದು ಅಜ್ಜ ಅವಳನ್ನು ಕೇಳಬಹುದು. ಅವಳು ಚಿಕ್ಕವಳಾಗಿರುವಾಗ ‘ನಿನಗೆ ತುತ್ತು ತಿನ್ನಿಸುತ್ತೇನೆ’ ಎಂದು ಹೋಗಲು ಅವನಿಗೆ ಯಾವ ಕಾಗದವೂ ಇಲ್ಲ!

ಫ್ರಾನ್ಸ್ ದೇಶದವರ ವಿಚಾರ ಬೇರೆ. ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1857ರಷ್ಟು ಹಿಂದೆಯೇ, ಮೊಮ್ಮಕ್ಕಳನ್ನು ಕಾಣಬೇಕೆಂಬ ಹಿರಿಯರ ಕೋರಿಕೆಯನ್ನು ಮನ್ನಿಸಿತ್ತು. 1970ರಲ್ಲಿ ಅವರ ನಾಗರಿಕ ಸಂಹಿತೆಗೆ ಒಂದು ವಾಕ್ಯ ಸೇರಿತು: ಗಂಭೀರ ಕಾರಣವಿಲ್ಲದೆ ತಂದೆತಾಯಿಗಳು ಮಗುವಿಗೂ ಅದರ ಅಜ್ಜ ಅಜ್ಜಿಯರಿಗೂ ನಡುವಣ ಸಂಬಂಧಕ್ಕೆ ಅಡ್ಡಿಯಾಗಕೂಡದು ಎಂಬುದು ಅದರ ತಾತ್ಪರ್ಯ. 2002ರಲ್ಲಿ ಆ ವಾಕ್ಯವನ್ನು ತಿದ್ದಿ ಬರೆದರು. ಹೊಸ ವಾಕ್ಯದ ಆರಂಭದಲ್ಲಿ ತಂದೆತಾಯಿಗಳಿಲ್ಲ, ಅಜ್ಜ ಅಜ್ಜಿಯರೂ ಇಲ್ಲ, ಮಗುವಿದೆ. ತನ್ನ ಹಿರಿಯರೊಡನೆ ಸಂಬಂಧವಿರಿಸಿಕೊಳ್ಳುವ ಹಕ್ಕು ಮಗುವಿನದು ಎಂದಾಯಿತು. ವ್ಯಾಕರಣದಲ್ಲಿ ಕರ್ತೃಪದ ಬದಲಾದರೆ ವಾಕ್ಯದ ನಡೆಯೇ ಬದಲಾಗುತ್ತದೆಂದು ಶಾಲೆಯಲ್ಲಿ ಕಲಿಯುತ್ತೇವೆ. ಒಂದು ದೇಶದ ಕಾನೂನಿನಲ್ಲಿಯೂ ಹಾಗೆಯೇ ಆದದ್ದನ್ನು ಕಂಡು ನನಗೆ ಸಂತೋಷವಾಯಿತು. ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾವು ಕೇಳಬೇಕಾದ್ದು ನಮ್ಮದನ್ನಲ್ಲ, ಅವಳದನ್ನು” ಎಂದರು. ಅರ್ಜಿ ಹಾಕುವ ಯೋಚನೆಯನ್ನು ಅಂದೇ ಕೈಬಿಟ್ಟರು. ಸೊಸೆಯನ್ನು ಮತ್ತೊಮ್ಮೆ ಕಟಕಟೆಗೆ ಎಳೆದು, ಆ ಮನೆಯ ಮಗುವಿನ ನಗುವನ್ನು ಬಯಸುವುದು ಅವರಿಗೆ ಸರಿಯೆನಿಸಲಿಲ್ಲ. ಅವರ ಹೆಂಡತಿಗೆ ಮಾತ್ರ ಇದು ಸೋಲೆಂದೇ ತೋರಿತು.

ಆ ವರ್ಷ ನವರಾತ್ರಿ ಹತ್ತಿರವಾದಾಗ ಆಕೆ ಅಟ್ಟದಿಂದ ಗೊಂಬೆಗಳ ಪೆಟ್ಟಿಗೆಯನ್ನು ಇಳಿಸಿದರು. ಮೈಸೂರು ಸೀಮೆಯಲ್ಲಿ ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಪಟ್ಟದ ಗೊಂಬೆಗಳನ್ನು ಕೊಟ್ಟು ಕಳುಹಿಸುವುದುಂಟು. ಮರದಲ್ಲಿ ಕಡೆದ ರಾಜ ಮತ್ತು ರಾಣಿ. ನವರಾತ್ರಿಯ ಗೊಂಬೆಗಳಲ್ಲೆಲ್ಲ ಅವರಿಗೇ ಅಗ್ರಸ್ಥಾನ. ಸೊಸೆ ತಂದಿದ್ದ ಜೋಡಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಂತೆಯೇ ಪೆಟ್ಟಿಗೆಯಲ್ಲಿತ್ತು. ‘ಈ ಮನೆಗೆ ಬಂದದ್ದು ಈ ಮನೆಯದೇ’ ಎಂದು ಬೀದಿಯವರು ಹೇಳಿದರು. ಆಕೆ ಎರಡು ದಿನ ಆ ಗೊಂಬೆಗಳನ್ನು ಎದುರಿಗಿಟ್ಟುಕೊಂಡು ಕುಳಿತಿದ್ದು, ಮೂರನೆಯ ದಿನ ಅವಕ್ಕೆ ಜರಿಯಂಚಿನ ಹೊಸ ಬಟ್ಟೆ ಹೊಲಿದರು. “ಇವು ಅವಳ ತವರಿನವು. ಮುಂದೆ ಅವಳ ಮಗಳಿಗೆ ಸೇರತಕ್ಕವು. ಕೊಟ್ಟು ಬನ್ನಿ” ಎಂದು ಗಂಡನಿಗೆ ಹೇಳಿದರು.

ಪೆಟ್ಟಿಗೆ ಹಿಡಿದುಕೊಳ್ಳಲು ನಾನೂ ಹೋದೆ. ಮಗು ಶಾಲೆಗೆ ಹೋಗಿರುವ ಹೊತ್ತನ್ನೇ ಮೇಷ್ಟ್ರು ಆರಿಸಿಕೊಂಡಿದ್ದರು. ಗೊಂಬೆಯ ನೆಪದಲ್ಲಿ ಮಗುವನ್ನು ನೋಡಲು ಬಂದರೆಂದು ಆಕೆಗೆ ಅನ್ನಿಸಬಾರದೆಂದು ಅವರ ಎಣಿಕೆ. ಬಾಗಿಲು ತೆರೆದ ಸೊಸೆ ಒಂದು ಕ್ಷಣ ತಡೆದು, “ಬನ್ನಿ ಮಾವ” ಎಂದಳು. ಮೇಷ್ಟ್ರು ಕುಳಿತುಕೊಳ್ಳಲಿಲ್ಲ, ಒಂದು ಲೋಟ ನೀರು ಕುಡಿದು, ಪೆಟ್ಟಿಗೆಯನ್ನು ಒಪ್ಪಿಸಿ, “ಜರಿ ಹೊಲಿದವಳು ನಿಮ್ಮ ಅತ್ತೆ” ಎಂದಷ್ಟೇ ಹೇಳಿ ಹೊರಟರು. ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದಿನಿಂದ, “ಅತ್ತೆಯವರ ಮಂಡಿನೋವು ಹೇಗಿದೆ, ಮಾವ?” ಎಂಬ ಮಾತು ಕೇಳಿಸಿತು.

ಎಂಟು ದಿನಗಳ ಬಳಿಕ ಮೇಷ್ಟ್ರ ಮನೆಯ ದೂರವಾಣಿ ಮೊಳಗಿತು. “ಅಜ್ಜೀ, ರಾಣಿ ರಾಜನ ಯಾವ ಪಕ್ಕಕ್ಕೆ ನಿಲ್ಲಬೇಕು?” ಎಂದು ಮಗುವಿನ ಪ್ರಶ್ನೆ. “ಎಡಕ್ಕೆ, ಮಗೂ! ನಿನ್ನ ಎಡಕ್ಕಲ್ಲ, ರಾಜನ ಎಡಕ್ಕೆ!” ಎಂದು ಅಜ್ಜಿ ಕೂಗಿ ಹೇಳಿದ್ದು ದೂರವಾಣಿಯ ನೆರವಿಲ್ಲದೆಯೂ ಬೆಂಗಳೂರಿಗೆ ಮುಟ್ಟುವಂತಿತ್ತು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಹತ್ತು ನಿಮಿಷದ ಮಾತು ಆರಂಭವಾಯಿತು. ಮೇಷ್ಟ್ರು ಹದಿನೈದು ದಿನಕ್ಕೊಂದು ಕಾಗದದಲ್ಲಿ ಒಂದು ಲೆಕ್ಕವನ್ನು ಬರೆದು ಕಳುಹಿಸುತ್ತಾರೆ. ಉತ್ತರ ಬಂದ ಮೇಲೆಯೇ ಮುಂದಿನ ಲೆಕ್ಕ. ಕಾಗದವನ್ನು ಮುಚ್ಚಿದ ಲಕೋಟೆಯಲ್ಲಿ ಹಾಕದೆ ಅಂಚೆ ಕಾರ್ಡಿನಲ್ಲಿಯೇ ಬರೆಯುವುದು ಅವರ ನಿಯಮ, ತಾಯಿಯೂ ಓದಲೆಂದು. ಎರಡನೆಯ ವರ್ಷ ದಸರಾ ರಜೆಯಲ್ಲಿ ಸೊಸೆ ತಾನೇ ಮಗಳನ್ನು ಕರೆತಂದು ಎರಡು ದಿನ ಬಿಟ್ಟುಹೋದಳು. ಮಗು ಕೇಳಿದರೆ ಹೊರತು ಅದರ ತಂದೆಯ ಮಾತು ಎತ್ತಬಾರದು, ತಾಯಿಯ ವಿಚಾರ ಕೇಳಲೇಬಾರದು ಎಂದು ದಂಪತಿಗಳು ತಮ್ಮಲ್ಲಿಯೇ ಗೊತ್ತುಮಾಡಿಕೊಂಡಿದ್ದರು.

ಇದಕ್ಕೆ ಅವರು ಬೆಲೆ ತೆರಬೇಕಾಯಿತು. ಸಂಗತಿ ತಿಳಿದ ಮಗ, “ನೀವು ಅವಳ ಕಡೆ ಸೇರಿದಿರಿ” ಎಂದು ಸಿಟ್ಟಾಗಿ ಮೂರು ತಿಂಗಳು ತಂದೆತಾಯಿಗಳೊಡನೆ ಮಾತು ಬಿಟ್ಟ. “ನಾವು ನಿನ್ನ ಕಡೆಯವರೇ, ಅಪ್ಪಾ. ಅವಳಿಗೆ ಇನ್ನೂ ಕಡೆಗಳು ಬೇಡ” ಎಂದು ಮೇಷ್ಟ್ರು ಬರೆದರು. ಆ ಮೂರು ತಿಂಗಳು ಆ ಮನೆಯಲ್ಲಿ ಹಬ್ಬದಡಿಗೆ ನಡೆಯಲಿಲ್ಲ.

ಎಲ್ಲ ಅಜ್ಜ ಅಜ್ಜಿಯರಿಗೂ ಬಾಗಿಲು ತೆರೆಯಲೇಬೇಕೆಂದು ನಾನು ವಾದಿಸಲಾರೆ. ಸೊಸೆಯನ್ನು ಹಿಂಸಿಸಿದ ಮನೆಗೆ ಅವಳ ಮಗುವನ್ನು ಕಳುಹಿಸೆಂದು ಹೇಳುವ ಅಧಿಕಾರ ಯಾರಿಗಿದೆ? ಹಾಗೆಯೇ, ಯಾವ ತಪ್ಪನ್ನೂ ಮಾಡದ ಹಿರಿಯರ ಪಾಲಿಗೆ ಬಾಗಿಲು ತೆರೆಯದೇ ಹೋಗುವುದೂ ಉಂಟು. ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿಯಿದ್ದಾರೆ. ಮಗಳ ಮಗ ತಂದೆಯ ವಶದಲ್ಲಿದ್ದಾನೆ. ಪ್ರತಿ ವರ್ಷ ಅವನ ಹುಟ್ಟುಹಬ್ಬಕ್ಕೆ ಒಂದು ಅಂಗಿ ತಂದು ಬೀರುವಿನಲ್ಲಿಡುತ್ತಾರೆ. ಈಗ ಅಲ್ಲಿ ಐದು ಅಂಗಿಗಳಿವೆ. ಒಂದಕ್ಕಿಂತ ಒಂದು ಅಳತೆಯಲ್ಲಿ ದೊಡ್ಡದು. ಅವನ ಎತ್ತರವನ್ನು ಆಕೆ ನೆರೆಮನೆಯ ಹುಡುಗನನ್ನು ನೋಡಿ ಅಂದಾಜು ಮಾಡುತ್ತಾರೆ.

ಮೇಷ್ಟ್ರ ಮೊಮ್ಮಗಳು ಈಗ ಏಳನೆಯ ತರಗತಿಯಲ್ಲಿದ್ದಾಳೆ. ಮೊನ್ನೆ ಬಂದ ಅವಳ ಕಾರ್ಡಿನಲ್ಲಿ ಲೆಕ್ಕದ ಉತ್ತರದ ಕೆಳಗೆ, ರಾಜನ ಪೇಟದ ಬಣ್ಣ ಹೋಗಿದೆ, ಮೈಸೂರಿನಲ್ಲಿ ಬಳಿಸಿಕೊಡುವವರು ಇದ್ದಾರೆಯೆ ಎಂದು ಬರೆದಿದ್ದಳು. ಉತ್ತರ ತಪ್ಪಾಗಿದ್ದಿತು. ಮೇಷ್ಟ್ರು ಅದನ್ನು ಆಮೇಲೆ ತಿದ್ದಿದರಾಯಿತೆಂದು ಕಾರ್ಡನ್ನು ಜೇಬಿಗೆ ಹಾಕಿಕೊಂಡು, ಬಣ್ಣ ಬಳಿಯುವವರನ್ನು ವಿಚಾರಿಸಲು ಪೇಟೆಯ ಕಡೆ ಹೊರಟರು.