ಬಲ್ಲೆನೆಂಬ ಮರೆವು

ಈಜು ಬಲ್ಲವನಿಗೆ ನೀರಿನ ಭಯವಿಲ್ಲವೆಂಬುದು ಲೋಕದ ಮಾತು. ಆದರೆ ಬಲ್ಲೆನೆಂಬ ಭಾವವೇ ಎಷ್ಟೋ ಸಲ ಎಚ್ಚರವನ್ನು ಮರೆಸಿಬಿಡುತ್ತದೆ.

ಬಾಲ್ಯದಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಊರ ಬಾವಿಯಲ್ಲಿ ಈಜು ಕಲಿತು, ಮುಂದೆ ತುಂಗಭದ್ರೆಯನ್ನೇ ಈಸಿ ದಾಟಿದ್ದ ಹಿರಿಯರೊಬ್ಬರು ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದರು. ಜೂನ್ ತಿಂಗಳ ಒಂದು ದಿನ ತಂದೆ ಮಗಳಿಬ್ಬರೂ ಟಾಹೋ ಸರೋವರದ ಪಶ್ಚಿಮ ದಂಡೆಗೆ ಬಂದರು. ಸಿಯೆರಾ ನೆವಾಡ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 1,897 ಮೀಟರ್ ಎತ್ತರದಲ್ಲಿರುವ ಈ ಸರೋವರದ ಗರಿಷ್ಠ ಆಳ 501 ಮೀಟರ್. ತಳದ ಕಲ್ಲುಗಳು ಕಾಣುವಷ್ಟು ತಿಳಿನೀರು, ಮೇಲೆ ಹಿತವಾದ ಬಿಸಿಲು.

ಇಬ್ಬರೂ ನಿಂತು ಹುಟ್ಟು ಹಾಕುವ ಎರಡು ಹಲಗೆಗಳನ್ನು ಬಾಡಿಗೆಗೆ ಪಡೆದರು. ಮಗಳು ಲೈಫ್ ಜಾಕೆಟ್ ತೊಟ್ಟು, ಹಲಗೆಯ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು, "ಅಪ್ಪಾಜಿ, ನೀವೂ ಹಾಕ್ಕೊಳ್ರಿ" ಎಂದಳು. "ಹೊಳಿ ಈಸಿದವಗ ಇದು ಯಾಕವ್ವಾ?" ಎಂದು ನಕ್ಕ ತಂದೆ ಜಾಕೆಟ್ಟನ್ನು ಹಲಗೆಯ ಮೇಲಿರಿಸಿದರು. ಹಗ್ಗವನ್ನೂ ಕಟ್ಟಿಕೊಳ್ಳಲಿಲ್ಲ.

ಮಧ್ಯಾಹ್ನ ನೈಋತ್ಯದ ಗಾಳಿ ಎದ್ದಿತು. ಪಶ್ಚಿಮ ದಂಡೆಯಿಂದ ಹೊರಟವರನ್ನು ಆ ಗಾಳಿ ನಡುನೀರಿನತ್ತ ತಳ್ಳುತ್ತದೆ. ಒಂದು ಅಲೆಗೆ ಹಿರಿಯರು ಆಯತಪ್ಪಿ ಬಿದ್ದರು. ಹಿಮ ಕರಗಿ ಬಂದ ನೀರು ಆ ತಿಂಗಳಲ್ಲಿ 10ರಿಂದ 15 ಡಿಗ್ರಿ ಸೆಲ್ಸಿಯಸ್‌ನಷ್ಟೇ ಇರುತ್ತದೆ. ಅಂಥ ತಣ್ಣೀರು ಮೈಗೆ ತಾಕಿದೊಡನೆ ದೇಹವು ತನಗೆ ತಾನೇ ಏದುಸಿರೆಳೆಯುತ್ತದೆ. ಆ ಗಳಿಗೆಯಲ್ಲಿ ಬಾಯಿ ನೀರೊಳಗಿದ್ದರೆ ನೀರೇ ಒಳಸೇರುತ್ತದೆ. ಇಲ್ಲಿ ಈಜಿನ ವಿದ್ಯೆ ನೆರವಿಗೆ ಬಾರದು. ಹಲಗೆ ಆಗಲೇ ಜಾಕೆಟ್ಟಿನೊಡನೆ ಗಾಳಿಯ ಪಾಲಾಗಿತ್ತು.

"ಈಸಬ್ಯಾಡ್ರಿ ಅಪ್ಪಾಜಿ, ಅಂಗಾತ ತೇಲ್ರಿ!" ಎಂದು ಮಗಳು ಕೂಗಿದಳು. ಅವರು ಹಾಗೆಯೇ ಮಾಡಿದರು. ಸುಮಾರು ಒಂದು ನಿಮಿಷದಲ್ಲಿ ಉಸಿರು ಹಿಡಿತಕ್ಕೆ ಬಂದಿತು. ಅಷ್ಟರಲ್ಲಿ ಆಕೆ ಸಮೀಪಿಸಿ ತನ್ನ ಹಲಗೆಯನ್ನು ಅವರ ಕೈಗೆ ನೀಡಿದಳು. ಹತ್ತು ನಿಮಿಷ ಕಳೆದಿದ್ದರೆ ಅದನ್ನು ಹಿಡಿಯುವ ಶಕ್ತಿಯೂ ಬೆರಳುಗಳಲ್ಲಿ ಉಳಿಯುತ್ತಿರಲಿಲ್ಲ. ಇಬ್ಬರೂ ಅದರ ಮೇಲೆ ಬೋರಲಾಗಿ ಮಲಗಿ ಸೀಟಿ ಊದಿದರು. ಹತ್ತಿರದ ದೋಣಿಯವರು ಬಂದು ದಡ ಸೇರಿಸಿದರು.

ಎಲ್ಲರಿಗೂ ಈ ಭಾಗ್ಯ ದೊರೆಯದು. 2025ರ ಜೂನ್ 21ರಂದು ಇದೇ ಸರೋವರದಲ್ಲಿ ಹಠಾತ್ ಬಿರುಗಾಳಿಗೆ ಹತ್ತು ಜನರಿದ್ದ ಮೋಟಾರು ದೋಣಿ ಮಗುಚಿ ಎಂಟು ಮಂದಿ ಅಸುನೀಗಿದರು. ಬದುಕುಳಿದ ಇಬ್ಬರೂ ಲೈಫ್ ಜಾಕೆಟ್ ತೊಟ್ಟಿದ್ದರು.

ಆದುದರಿಂದ ಇಂಥ ಮಲೆಯ ಸರೋವರಕ್ಕಿಳಿಯುವವರು ಬಿಸಿಲನ್ನು ನೋಡಿ ಅಲ್ಲ, ನೀರಿನ ತಂಪನ್ನು ನೋಡಿ ಉಡುಪು ಧರಿಸಬೇಕು. ಮುಂಜಾನೆ ಹೊರಟು ಗಾಳಿ ಏಳುವ ಮುನ್ನ ಮರಳಬೇಕು. ದಡಕ್ಕೆ ಸಮಾನಾಂತರವಾಗಿ, ಜೊತೆಗಾರರೊಡನೆ ಸಾಗಬೇಕು. ಈಜುವವರು ಮೆಲ್ಲನೆ ಇಳಿದು, ಉಸಿರು ಹದಕ್ಕೆ ಬಂದ ಮೇಲೆಯೇ ಕೈ ಬೀಸಬೇಕು. ಜಾಕೆಟ್ ಹಲಗೆಯ ಮೇಲಲ್ಲ, ಮೈಮೇಲಿರಬೇಕು.

ಅಂದು ಸಂಜೆ ಕಂಬಳಿ ಹೊದ್ದು ಕುಳಿತಿದ್ದ ಹಿರಿಯರು ಮಗಳ ಒದ್ದೆ ಜಾಕೆಟ್ಟನ್ನು ಕೈಯಲ್ಲಿ ಹಿಡಿದು, "ಇದೂ ಸೋರೆಬುರುಡೆನೇ ಅಲ್ಲೇನವ್ವಾ" ಎಂದರಂತೆ. ಎಂಟು ವರ್ಷದ ಬಾಲಕನಾಗಿದ್ದಾಗ ನಾಚದೆ ಕಟ್ಟಿಕೊಂಡದ್ದನ್ನು ಅರವತ್ತರಲ್ಲಿ ಕಟ್ಟಿಕೊಳ್ಳಲು ನಾಚಿದ್ದರು. ಅರಿವೆಂಬುದು ನಡೆಯಲ್ಲಿ ಕಾಣದಿದ್ದರೆ ಅದು ಮರೆವೇ ಸರಿ.