ಮೈ ಮುಚ್ಚಿಕೊಂಡ ಸಾಹಸ

ಹೆಂಗಸರ ಉಡುಪಿನ ಮಾತು ಬಂದೊಡನೆ ನಾವೆಲ್ಲರೂ ಪಂಡಿತರಾಗುತ್ತೇವೆ. ಲಂಗ ಗಿಡ್ಡವಾಯಿತು, ರವಿಕೆಯ ತೋಳು ಮಾಯವಾಯಿತು, ಕಾಲ ಕೆಟ್ಟಿತು ಎಂದು ಅಧ್ಯಾಪಕರ ಕೊಠಡಿಯಲ್ಲಿ ನಡೆಯುವ ಚರ್ಚೆಗೆ ಕೊನೆಯೆಂಬುದಿಲ್ಲ. ಬಟ್ಟೆ ಕಡಿಮೆಯಾದರೆ ಉದ್ಧಟತನ, ಹೆಚ್ಚಾದರೆ ಮರ್ಯಾದೆ ಎಂಬುದು ನಮ್ಮ ಲೆಕ್ಕಾಚಾರ. ಈ ಲೆಕ್ಕವೆಲ್ಲ ತಲೆಕೆಳಗಾಗಿದ್ದ ನಾಡೊಂದಿತ್ತು. ಅಲ್ಲಿ ಹೆಣ್ಣು ಮೈ ಮುಚ್ಚಿಕೊಂಡುದೇ ಮಹಾಪರಾಧವೆನಿಸಿತ್ತು.

ಅದು ಹಿಂದಿನ ತಿರುವಾಂಕೂರು ಸಂಸ್ಥಾನದ ದಕ್ಷಿಣ ಭಾಗ. ಇಂದಿನ ನಾಗರಕೋಯಿಲಿನ ಸೀಮೆ. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಆ ಸೀಮೆ ಮದರಾಸು ರಾಜ್ಯಕ್ಕೆ ಸೇರಿತು. ಗಡಿಯವರಾದ ನಮಗೆ ಅದರ ಕಥೆ ಪರಕೀಯವಲ್ಲ.

ತಮಗಿಂತ ಮೇಲಿನವರೆನಿಸಿದವರ ಮುಂದೆ ಮೇಲುವಸ್ತ್ರವನ್ನು ತೆಗೆಯುವುದು ಅಲ್ಲಿ ಗೌರವದ ಕುರುಹಾಗಿತ್ತು. ಕೀಳೆಂದು ಎಣಿಸಲ್ಪಟ್ಟ ನಾಡಾರರೇ ಮೊದಲಾದವರ ಸ್ತ್ರೀಯರಿಗಾದರೋ ಆ ವಸ್ತ್ರವೇ ನಿಷಿದ್ಧ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ ಮಿಷನ್ನಿನ ಶಾಲೆಗಳಲ್ಲಿ ಓದನ್ನೂ ಹೊಲಿಗೆಯನ್ನೂ ಕಲಿತ ಹೆಣ್ಣುಮಕ್ಕಳು ಈ ಕಟ್ಟಳೆಯನ್ನು ಮೀರತೊಡಗಿದರು. ಕ್ರೈಸ್ತರಾದ ಹೆಂಗಸರು 'ಕುಪ್ಪಾಯ'ವನ್ನು ತೊಡಬಹುದೆಂದು ಸರಕಾರ ಒಪ್ಪಿತು. ನಮ್ಮ ಕುಪ್ಪಸವನ್ನು ನೆನಪಿಗೆ ತರುವ ಮಾತದು. ಆದರೆ ಅವರಿಗೆ ಬೇಕಾಗಿದ್ದುದು ನಾಯರ್ ಸ್ತ್ರೀಯರು ಹೊದೆಯುತ್ತಿದ್ದಂತಹ ಮೇಲುವಸ್ತ್ರ. 1829ರ ರಾಜಶಾಸನ ಅದನ್ನು ಸ್ಪಷ್ಟವಾಗಿ ನಿಷೇಧಿಸಿತು. ಅವರು ಹೊದೆಯುವುದನ್ನು ಬಿಡಲಿಲ್ಲ. 1858ರಲ್ಲಿ ಸಂಘರ್ಷ ಮತ್ತೆ ಭುಗಿಲೆದ್ದಿತು. ಬೀದಿಯಲ್ಲಿ ಹೆಂಗಸರ ವಸ್ತ್ರಗಳನ್ನು ಹರಿದರು. ಪ್ರಾರ್ಥನಾಮಂದಿರಗಳಿಗೂ ಶಾಲೆಗಳಿಗೂ ಬೆಂಕಿಯಿಟ್ಟರು. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ನನ ಒತ್ತಾಯದ ಬಳಿಕ, 1859ರ ಜುಲೈ 26ರಂದು, ನಾಡಾರ್ ಸ್ತ್ರೀಯರೆಲ್ಲರೂ ಮೈ ಮುಚ್ಚಿಕೊಳ್ಳಬಹುದೆಂಬ ಶಾಸನ ಹೊರಟಿತು. ಆದರೂ ಮೇಲುಜಾತಿಯವರಂತೆ ಉಡಬಾರದೆಂಬ ಷರತ್ತು ಅದರಲ್ಲಿ ಉಳಿದೇ ಇತ್ತು!

ಓದುಗರು ಈ ಷರತ್ತನ್ನು ಗಮನಿಸಬೇಕು. ಲಜ್ಜೆಯೇ ಪ್ರಶ್ನೆಯಾಗಿದ್ದರೆ ಕುಪ್ಪಾಯದೊಡನೆ ವಿವಾದ ಮುಗಿಯುತ್ತಿತ್ತು. ಅಲ್ಲಿದ್ದುದು ಅಂತಸ್ತಿನ ಪ್ರಶ್ನೆ. ಆ ಕಿಡಿ ಮುಂದೆ ಬೇರೆಡೆಗೂ ಹಬ್ಬಿತು. 1915ರಲ್ಲಿ ಕೊಲ್ಲಂನಲ್ಲಿ ಅಯ್ಯಂಕಾಳಿಯವರ ಕರೆಗೆ ಓಗೊಟ್ಟು ಪುಲಯ ಸ್ತ್ರೀಯರು ದಾಸ್ಯದ ಗುರುತಾಗಿದ್ದ ಕಲ್ಲುಮಣಿಯ ಸರಗಳನ್ನು ಕಿತ್ತೆಸೆದರು.

ರವಿಕೆ ತೊಡದ ಅಜ್ಜಿಯರನ್ನು ನಮ್ಮ ಮನೆಗಳಲ್ಲಿಯೂ ನಾವು ಕಂಡಿದ್ದೇವೆ. ಸೆರಗನ್ನು ಬಿಗಿಯಾಗಿ ಹೊದ್ದು ಓಡಾಡುತ್ತಿದ್ದ ಅವರಿಗೆ ರವಿಕೆಯೆಂದರೆ ಸೊಸೆಯಂದಿರ ಷೋಕಿ. ಆ ಸೊಸೆಯಂದಿರಿಗೆ ತೋಳಿಲ್ಲದ ರವಿಕೆ ಮೊಮ್ಮಕ್ಕಳ ಷೋಕಿ. ನಮ್ಮಲ್ಲಿ ಇದು ಜಗಲಿಯ ನಗೆಮಾತಾಗಿ ಮುಗಿಯಿತು. ಅಜ್ಜಿ ರವಿಕೆ ತೊಡದಿದ್ದುದು ಅವಳ ಅಭ್ಯಾಸ. ತೊಡಬೇಡವೆಂದು ಯಾವ ಶಾಸನವೂ ಅವಳನ್ನು ತಡೆದಿರಲಿಲ್ಲ. ನಾಗರಕೋಯಿಲಿನ ಹೆಣ್ಣುಮಗಳಿಗೆ ಆ ಭಾಗ್ಯವಿರಲಿಲ್ಲ.

ಈ ಚರಿತ್ರೆ ಒಂಬತ್ತನೆಯ ತರಗತಿಯ ಕೇಂದ್ರ ಪಠ್ಯದಲ್ಲಿತ್ತು. 2016ರಲ್ಲಿ ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಲಿ ಈ ಭಾಗವನ್ನು ಪರೀಕ್ಷೆಯಿಂದ ಕೈಬಿಟ್ಟಿತು, 2019ರಲ್ಲಿ ಎನ್.ಸಿ.ಇ.ಆರ್.ಟಿ. ಉಡುಪಿನ ಅಧ್ಯಾಯವನ್ನೇ ಪುಸ್ತಕದಿಂದ ತೆಗೆಯಿತು. ಪುಸ್ತಕದಲ್ಲಿಲ್ಲದ ಪಾಠವನ್ನು ಬಾಯಿಂದ ಹೇಳುವುದು ಅಧ್ಯಾಪಕರಾದ ನಮಗೆ ಹೊಸದಲ್ಲ. ಹೊಲಿಗೆ ಕಲಿತ ಕೈಗಳೇ ಒಂದು ಸಂಸ್ಥಾನದ ಶಾಸನವನ್ನು ಮಣಿಸಿದುವೆಂದು ನಮ್ಮ ಹುಡುಗಿಯರು ತಿಳಿಯಬೇಕು, ಹುಡುಗರೂ ತಿಳಿಯಬೇಕು. ಯಾವಳೋ ಹುಡುಗಿಯ ಉಡುಪನ್ನು ಕಂಡು ನಮ್ಮ ಹುಬ್ಬು ಮೇಲೇರುವಾಗ, ನಾವು ಕಾಯಹೊರಟಿರುವುದು ಅವಳ ಮಾನವನ್ನೋ ನಮ್ಮ ಅಧಿಕಾರವನ್ನೋ ಎಂದು ಒಮ್ಮೆ ಕೇಳಿಕೊಳ್ಳುವುದು ಲೇಸು.